ಐವತ್ತೆಂಟರ ಬಾಣಂತಿ

ನಮ್ಮ ಅಮೆರಿಕನ್ ಬಾಸ್‌ಗೆ ವಂಶವೃಕ್ಷದ ಹುಚ್ಚು ಹಿಡಿದದ್ದು ಅವನ ತಂದೆಗೆ ತೊಂಬತ್ತು ತುಂಬುವ ವರ್ಷ. ಅಮೆರಿಕದ ಯಾವುದೋ ಸಣ್ಣ ಊರಿನ ವೃದ್ಧಾಶ್ರಮದಲ್ಲಿದ್ದ ಆ ಹಿರಿಯರಿಗೆ ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಆಸೆಯಂತೆ: ತಮ್ಮ ವಂಶದವರೆಲ್ಲರ ಹೆಸರನ್ನೂ ಒಂದೇ ಹಾಳೆಯಲ್ಲಿ ನೋಡಬೇಕು. ಮಗ ಅದಕ್ಕೆ ತನ್ನದೊಂದು ಗರಿ ಸಿಕ್ಕಿಸಿದ. ಹಾಳೆ ಬರಿಯ ಹಾಳೆಯಾಗಿದ್ದರೆ ಸಾಲದು, ಅದರ ಮೇಲೆ ಮೊದಲ ವಲಸಿಗರ ವಂಶಸ್ಥರ ಸಂಘವೊಂದರ ಮೊಹರು ಬೀಳಬೇಕು, ಅದೂ ಹುಟ್ಟುಹಬ್ಬಕ್ಕೆ ಮೊದಲೇ. ಆಸೆ ಅಪ್ಪನದು, ಜಂಬ ಮಗನದು, ಕೆಲಸ ಮಾತ್ರ ನನ್ನದು.

ದುಬೈಯ ಅಲ್ ಕೂಜ್‌ನಲ್ಲಿ ಗೋದಾಮಿನ ಮೇಲಿರುವ ನಮ್ಮ ಆಫೀಸಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆ, ಪರವಾನಗಿ, ಅಟೆಸ್ಟೇಶನ್ ಆದ ಸರ್ಟಿಫಿಕೇಟು, ಪಾಸ್‌ಪೋರ್ಟ್ ಪ್ರತಿ, ಎಲ್ಲವೂ ನನ್ನ ಮೇಜಿನ ಮೇಲೆ ಹಾದು ಹೋಗಬೇಕು. ಈ ದೇಶದಲ್ಲಿ ಮದುವೆ ಸರ್ಟಿಫಿಕೇಟಿನ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದಕ್ಷರ ಹೊಂದದಿದ್ದರೆ ಫೈಲು ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಇಷ್ಟು ವರ್ಷ ಅದನ್ನೇ ನೋಡಿ ನೋಡಿ, ಅಕ್ಕಿಯಲ್ಲಿ ಕಲ್ಲು ಕಂಡ ಹಾಗೆ ಕಾಗದದಲ್ಲಿ ತಪ್ಪು ತಾರೀಕು ನನ್ನ ಕಣ್ಣಿಗೆ ತಾನಾಗಿ ಬೀಳುತ್ತದೆ. "ಕಾಗದದ ವಿಷಯದಲ್ಲಿ ನಿನ್ನನ್ನು ಬಿಟ್ಟರಿಲ್ಲ" ಎಂದು ಬಾಸ್ ಖಲೀಫಾ ಸಿಟಿಯ ತನ್ನ ವಿಲ್ಲಾದಿಂದ ಎರಡು ರಟ್ಟಿನ ಪೆಟ್ಟಿಗೆ ಹೊರಿಸಿಕೊಂಡು ಬಂದು ನನ್ನ ಕಾಲ ಬಳಿ ಇಡಿಸಿದ.

ಒಂದು ಪೆಟ್ಟಿಗೆಯ ತುಂಬ ಉಯಿಲು, ಇಗರ್ಜಿಯ ರಿಜಿಸ್ಟರಿನ ಪುಟ, ಗೋರಿಕಲ್ಲಿನ ಫೋಟೊ. ಇನ್ನೊಂದರಲ್ಲಿ ಅವನ ಅಪ್ಪನ ಸೋದರತ್ತೆ ಯಾವುದೋ ಕಾಲದಲ್ಲಿ ಅಚ್ಚು ಹಾಕಿಸಿದ ಕುಟುಂಬ ಚರಿತ್ರೆ. ಆ ಅತ್ತೆಯ ಬರಹ ಓದಬೇಕು! ಮೂಲಪುರುಷ ಹಡಗಿನಲ್ಲಿ ಬಂದನಂತೆ, ಬರಿಗೈಯಿಂದ ಕಾಡು ಕಡಿದನಂತೆ, ಊರು ಕಟ್ಟಿದನಂತೆ. ಮೊದಲೇ ಅಲ್ಲಿದ್ದ ಜನರ ಬಗ್ಗೆ ಇಡೀ ಪುಸ್ತಕದಲ್ಲಿ ಒಂದು ಸಾಲು: ಕೆಲವು ಕಂಬಳಿ, ಒಂದು ತಾಮ್ರದ ಹಂಡೆ ಕೊಟ್ಟು ಹೊಳೆಯವರೆಗಿನ ಜಾಗ ಪಡೆದದ್ದು. ಬರಿಗೈಯವನೆಂದು ಅತ್ತೆ ಹೊಗಳಿದವನ ಉಯಿಲಿನಲ್ಲಿ, ಹಸುಗಳ ಪಟ್ಟಿಯ ಕೆಳಗೆ, ಹೆಸರಿಲ್ಲದ ಇಬ್ಬರು ಆಳುಗಳು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರೆ. ಈ ಮಹಾನುಭಾವರು ಮೊದಲು ಊರು ಹಾಳು ಮಾಡಿ ಆಮೇಲೆ ಗೌಡರಾದವರು.

ನನ್ನ ಸೋದರಮಾವನೂ ಮುಂಬೈಯಿಂದ ಹಡಗಿನಲ್ಲೇ ದುಬೈಗೆ ಬಂದವರು. ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿ ಆಯುಷ್ಯದ ಮುಕ್ಕಾಲು ಪಾಲು ನಿಂತೇ ಕಳೆದರು. ವೀಸಾ ರದ್ದಾದ ತಿಂಗಳಲ್ಲೇ ಒಂದು ಕಾರ್ಟನ್ ಕಟ್ಟಿಕೊಂಡು ಊರಿಗೆ ನಡೆದರು. ಅವರ ಹೆಸರಿನಲ್ಲಿ ಯಾರೂ ಸಂಘ ತೆರೆಯಲಿಲ್ಲ. ಹಡಗಿನಲ್ಲಿ ಬಂದದ್ದೇ ಕುಲೀನತೆಯಾದರೆ ಬರ್ ದುಬೈಯ ಅರ್ಧ ಜನ ರಾಜವಂಶದವರಾಗಬೇಕಿತ್ತು.

ಊಟದ ಹೊತ್ತಿಗೂ ಆ ಪೆಟ್ಟಿಗೆಗಳ ಮುಂದೆ ಕೂತಿರುತ್ತಿದ್ದ ನನ್ನನ್ನು ಕಂಡರೆ ನಮ್ಮ ರಿಸೆಪ್ಶನಿಸ್ಟ್‌ಗೆ ತಮಾಷೆ. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು ಅವಳು, ನನಗಿಂತ ಹಿರಿಯಳು, ನನಗೆ ಬಾಯಮ್ಮ.

"ಎಂತ ಮಾರಾಯ್ತಿ, ಊಟ ಬಿಟ್ಟು ಸತ್ತವರ ಒಟ್ಟಿಗೆ ಕೂತಿದ್ದಿ?"

"ಬಾಸಿನ ಅಜ್ಜಂದಿರು ಬಾಯಮ್ಮ. ಈ ಇಗರ್ಜಿ ಪುಸ್ತಕದ ಸಾಲು ನನಗೆ ಅರ್ಥ ಆಗುದಿಲ್ಲ, ಸ್ವಲ್ಪ ನೋಡಿ."

ಅವಳು ಕನ್ನಡಕ ಏರಿಸಿ ನೋಡಿದಳು. "ಇದು ಮಗುವಿನ ಜ್ಞಾನಸ್ನಾನದ್ದು. ಮಗುವಿನ ಹೆಸರು, ತಾಯಿಯ ಹೆಸರು. ಅಪ್ಪನ ಜಾಗ ಖಾಲಿ ಉಂಟಲ್ಲ, ಅಂದ್ರೆ ಗೊತ್ತಾಯ್ತಲ್ಲ ನಿಂಗೆ?"

ಗೊತ್ತಾಯಿತು. ಆ ತಾಯಿ ಮೂರನೆಯ ತಲೆಮಾರಿನವಳು. ಅತ್ತೆಯ ಪುಸ್ತಕದಲ್ಲಿ ಆ ಮಗು ಮನೆಯ ಯಜಮಾನನ ಕಿರಿಯ ಮಗ. ರಿಜಿಸ್ಟರಿನಲ್ಲಿ ಅದೇ ಮಗು ಯಜಮಾನನ ಹತ್ತೊಂಬತ್ತು ವರ್ಷದ ಮಗಳ ಮಗ. ಗೋರಿಕಲ್ಲಿನ ತಾರೀಕು ನೋಡಿದರೆ ಆ ವರ್ಷ ಯಜಮಾನನ ಹೆಂಡತಿಗೆ ಐವತ್ತೆಂಟು. ಬಾಸ್, ಬಾಸಿನ ಅಪ್ಪ, ಎಲ್ಲರೂ ಆ ಮಗುವಿನ ಸಂತಾನ.

ಈಗ ನನ್ನ ತಪ್ಪಿನ ಕಥೆ. ನಮ್ಮದು ಅಳಿಯಕಟ್ಟಿನ ಮನೆ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಊರಲ್ಲಿ ಹಿರಿಯರು ಯಾರಾದರೂ ನಿನ್ನದು ಯಾವ ಬಳಿ ಎಂದು, ಗೋತ್ರ ಕೇಳಿದ ಹಾಗೆ, ಕೇಳಿದರೆ ತಾಯಿಯ ಬಳಿಯನ್ನೇ ಹೇಳುವುದು. ಅಪ್ಪ ಇದ್ದರೆ ಸಂತೋಷ, ಇಲ್ಲದಿದ್ದರೆ ವಂಶವೇನೂ ಮುರಿಯುವುದಿಲ್ಲ. ಸಂಘದ ಅರ್ಜಿಯಲ್ಲಿ ಪ್ರತಿ ತಲೆಮಾರಿಗೆ ಎರಡು ಖಾನೆ: ವಂಶ ಮುಂದುವರಿಸಿದವರು, ಅವರ ಸಂಗಾತಿ. ಮೂರನೆಯದರಲ್ಲಿ ನಾನು ಆ ಮಗಳ ಹೆಸರನ್ನು ಮೇಲಿನ ಖಾನೆಯಲ್ಲಿ ತುಂಬಿಸಿದೆ. ಸಂಗಾತಿಯ ಖಾನೆ ಖಾಲಿ ಬಿಟ್ಟೆ. ಏನೋ ಕೊರತೆಯಾಯಿತು ಎಂದು ನನಗೆ ಅನ್ನಿಸಲೇ ಇಲ್ಲ. ಇಡೀ ಹಾಳೆಯಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಂಡ ಸಾಲು ಅದೇ. ತಾಯಿಗೆ ಸಾಕ್ಷಿ ಇರುತ್ತದೆ, ಅಪ್ಪಂದಿರದು ಬರಿಯ ನಂಬಿಕೆ. ಬಾಸ್ ಸೈಟಿನ ನಕ್ಷೆಗಳ ನಡುವೆ ಅದಕ್ಕೂ ನೋಡದೆ ಸಹಿ ಹಾಕಿದ. ನಾನು ಕಳಿಸಿದೆ.

ಮೂರು ವಾರಕ್ಕೆ ಅರ್ಜಿ ವಾಪಸು ಬಂತು. ಅಪ್ಪನ ಹೆಸರು ಬೇಕು, ಮದುವೆಯ ದಾಖಲೆ ಬೇಕು. ಹುಟ್ಟುಹಬ್ಬಕ್ಕೆ ಉಳಿದದ್ದು ಒಂದೂವರೆ ತಿಂಗಳು. ಬಾಸ್ ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದ. ಅವನ ಇಂಗ್ಲಿಷಿನ ಸಾರ ಇಷ್ಟು:

"ಇವಳನ್ನು ಯಾಕೆ ಸೇರಿಸಿದೆ?"

"ರಿಜಿಸ್ಟರಿನಲ್ಲಿದ್ದಾಳೆ ಸರ್."

"ಅಪ್ಪ ಯಾರೂಂತ ಇಲ್ಲವಲ್ಲ!"

"ತಾಯಿ ಇದ್ದಾಳಲ್ಲ ಸರ್."

ಅವನ ಕುತ್ತಿಗೆ ಕೆಂಪಾಯಿತು. "ನನ್ನ ತಂದೆ ಇದನ್ನು ನೋಡಿದರೆ ಎದೆ ಒಡೆದು ಸಾಯುತ್ತಾರೆ. ಪುಸ್ತಕದಲ್ಲಿ ಮಗ ಎಂದಿದೆ, ಮಗ ಎಂದೇ ಹಾಕು. ಆ ಹುಡುಗಿಯನ್ನು ತೆಗೆದುಬಿಡು. ಅವಳ ಹೆಸರು ಇದ್ದರೆ ಯಾರಾದರೂ ಕೆದಕುತ್ತಾರೆ."

ನಾನು ಎದುರು ಮಾತನಾಡಬಹುದಿತ್ತು. ಇದೇ ಬಾಸ್ ಕೂಲಿಯವರ ಜನನ ಪತ್ರದಲ್ಲಿ ಚಿಕ್ಕ ವ್ಯತ್ಯಾಸ ಕಂಡರೆ "ಫೋರ್ಜರಿ" ಎಂದು ಫೈಲು ಬಿಸಾಡಿದವನು. ಆದರೆ ನನಗೆ ಎಷ್ಟು ತಾತ್ಸಾರವಿತ್ತೆಂದರೆ ಜಗಳಕ್ಕೂ ಅವರು ಯೋಗ್ಯರಲ್ಲ ಅನ್ನಿಸಿತು. ಋಷಿಮೂಲ, ನದಿಮೂಲ ಕೇಳಬಾರದಂತೆ. ಈ ಹಂಡೆ ಕಂಬಳಿಯವರ ಮೂಲ ಕಟ್ಟಿಕೊಂಡು ನನಗೇನು? ಅವನ ಅಜ್ಜ, ಅವನ ಸುಳ್ಳು. ಹತ್ತು ನಿಮಿಷದ ಕೆಲಸ. ಹುಡುಗಿಯ ಹೆಸರನ್ನು ಅಳಿಸಿದೆ, ಮಗುವನ್ನು ಎತ್ತಿ ಅಜ್ಜಿಯ ಮಡಿಲಿಗೆ ಹಾಕಿದೆ, ರಿಜಿಸ್ಟರಿನ ಆ ಪುಟವನ್ನು ಲಗತ್ತಿನಿಂದ ತೆಗೆದು ಅತ್ತೆಯ ಪುಸ್ತಕದ ಪುಟ ಸೇರಿಸಿ ಮತ್ತೆ ಕಳಿಸಿದೆ.

"ಖಲಾಸ್" ಎಂದು ಹೊರಗೆ ಬಂದು ಬಾಯಮ್ಮನಿಗೆ ಹೇಳಿದೆ.

"ಐವತ್ತೆಂಟಕ್ಕೆ ಹೆತ್ತದ್ದಾ?" ಅವಳು ಬಿದ್ದು ಬಿದ್ದು ನಕ್ಕಳು. "ಆ ಬಾಣಂತಿಗೆ ಮೆಂತೆ ಗಂಜಿ ಮಾಡಿ ಕೊಟ್ಟದ್ದು ಯಾರಂತೆ, ಅದೂ ಬರಿಬೇಕಿತ್ತು!"

ನಾನೂ ನಕ್ಕೆ. ಎರಡು ವಾರ ಚಹಾ ಕುಡಿಯುವಾಗಲೆಲ್ಲ ನಮಗೆ ಅದೇ ನಗು. ಸಂಘದವರಿಗೆ ಹಳೆಯ ಅರ್ಜಿಯೂ ನೆನಪಾಗಲಿಲ್ಲ, ಆ ವಯಸ್ಸೂ ಕಾಣಲಿಲ್ಲ. ದೊಡ್ಡ ದೊಡ್ಡ ಕುಲದವರ ಕಾಗದ ಪರೀಕ್ಷಿಸುವವರು ವೀಸಾ ಅರ್ಜಿ ತುಂಬಿಸುವ ನಮ್ಮ ಟೈಪಿಂಗ್ ಸೆಂಟರಿನ ಹುಡುಗಿಯಷ್ಟೂ ಚುರುಕಿಲ್ಲ. ಮೊಹರು ಬಿದ್ದ ಹಾಳೆ ಸರಿಯಾದ ಹೊತ್ತಿಗೆ ವೃದ್ಧಾಶ್ರಮ ಮುಟ್ಟಿತು.

ಹುಟ್ಟುಹಬ್ಬದ ದಿನ ಇಲ್ಲಿ ಸಂಜೆ, ಅಲ್ಲಿ ಬೆಳಿಗ್ಗೆ. ಬಾಸ್ ಮೀಟಿಂಗ್ ರೂಮಿನ ದೊಡ್ಡ ಪರದೆಯಲ್ಲಿ ವಿಡಿಯೊ ಕರೆ ಹಚ್ಚಿ, ನನ್ನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿದ. ಅಪ್ಪನಿಗೆ ತೋರಿಸಲು ಅವನಿಗೆ ಒಬ್ಬಳು ಇಂಡಿಯನ್ ಬೇಕಿತ್ತು ಎಂದುಕೊಂಡೆ. ಪರದೆಯಲ್ಲಿ ತೆಳ್ಳಗಿನ ಮುದುಕರು, ತೊಡೆಯ ಮೇಲೆ ಚೌಕಟ್ಟು ಹಾಕಿದ ಹಾಳೆ, ಕೈಯಲ್ಲಿ ಭೂತಕನ್ನಡಿ. ಮೊಹರಿನ ಕಡೆ ಅವರು ನೋಡಲೂ ಇಲ್ಲ. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಕೆಳಗಿಳಿದರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ಮತ್ತೆ ಮೇಲೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

"ಆ ಹುಡುಗಿ ಎಲ್ಲಿ?" ಎಂದರು.

ಬಾಸ್ ನನ್ನ ಮುಖ ನೋಡಿದ.

"ಮಗುವನ್ನು ಎತ್ತಿಕೊಂಡು ಇಡೀ ಇಗರ್ಜಿಯ ಎದುರು ಒಬ್ಬಳೇ ನಿಂತವಳು. ಅಪ್ಪ ಯಾರೆಂದು ಪಾದ್ರಿ ಕೇಳಿದರೂ ಬಾಯಿ ಬಿಡಲಿಲ್ಲವಂತೆ. ನಾವೆಲ್ಲ ಅವಳ ಮಕ್ಕಳು ಎಂದು ನನ್ನ ಅಮ್ಮ ಹೇಳುತ್ತಿದ್ದಳು, ಆದರೆ ಹೆಸರು ಅಮ್ಮನಿಗೂ ಗೊತ್ತಿರಲಿಲ್ಲ. ನನ್ನ ಅತ್ತೆ ಅವಳನ್ನು ಪುಸ್ತಕದಿಂದ ಕೈಬಿಟ್ಟಳು. ಹಳೆಯ ಕಾಗದದಲ್ಲಾದರೂ ಇದ್ದಾಳು ಎಂದುಕೊಂಡಿದ್ದೆ." ಅವರು ಹಾಳೆಯನ್ನು ಪಕ್ಕಕ್ಕಿಟ್ಟರು. "ನಾನು ನೋಡಬೇಕೆಂದಿದ್ದದ್ದು ಆ ಹೆಸರನ್ನು. ಉಳಿದವರೆಲ್ಲ ನನಗೆ ಮೊದಲೇ ಗೊತ್ತಿದ್ದವರು."

ಬಾಸ್ ಏನೋ ತೊದಲಿದ. ಮುದುಕರು ಅವನನ್ನು ಕೇಳಿಸಿಕೊಳ್ಳಲಿಲ್ಲ, ನೇರವಾಗಿ ನನ್ನನ್ನೇ ಕೇಳಿದರು: "ಅಮ್ಮಾ, ಕಾಗದಗಳನ್ನೆಲ್ಲ ನೋಡಿದವಳು ನೀನಂತೆ. ಅವಳ ಹೆಸರು ಎಲ್ಲೂ ಸಿಗಲಿಲ್ಲವೇ?"

ಆ ಹೆಸರು ನನಗೆ ಬಾಯಿಪಾಠವಾಗಿತ್ತು. ಹುಟ್ಟಿದ ದಿನ, ಸತ್ತ ದಿನ, ರಿಜಿಸ್ಟರಿನ ಪುಟದ ಸಂಖ್ಯೆ ಕೂಡ. ಬಾಸ್ ಮೇಜಿನ ಅಂಚನ್ನು ಹಿಡಿದು ನಿಂತಿದ್ದ. ನನ್ನ ವೀಸಾ, ನನ್ನ ಮಗಳ ವೀಸಾ ಅವನ ಸಹಿಯ ಕೆಳಗಿವೆ ಎಂಬುದು ನೆನಪಾಗಲು ಅರೆಗಳಿಗೆ ಸಾಕಾಯಿತು.

"ಇಲ್ಲ ಸರ್," ಎಂದೆ, "ಸಿಗಲಿಲ್ಲ."

"ಪರವಾಗಿಲ್ಲ," ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. "ಅವಳ ಹೆಸರನ್ನು ಯಾರು ಬರೆದಿಡುತ್ತಾರೆ? ನೀನು ಹುಡುಕಿದೆಯಲ್ಲ, ಅಷ್ಟೇ ಸಾಕು."