ಬುಸ್ ಅಂತ, ಆಮೇಲೆ ಟಕ್ ಅಂತ

ನನ್ನ ನಿದ್ದೆಯ ವಿಚಾರವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೌರಿಬಿದನೂರಿನಲ್ಲಿ ರೈಲು ಹಳಿಯ ಮಗ್ಗುಲಲ್ಲೇ ಬೆಳೆದವಳು ನಾನು. ಗೂಡ್ಸ್ ಗಾಡಿ ಮನೆಯ ಪಾತ್ರೆಗಳನ್ನೆಲ್ಲ ಕುಣಿಸಿಕೊಂಡು ಹೋದರೂ ನನಗೆ ಎಚ್ಚರವಾಗುತ್ತಿರಲಿಲ್ಲ. ಆದರೆ ಅಡುಗೆಮನೆಯ ನಲ್ಲಿ ಒಂದು ಹನಿ ತೊಟ್ಟಿಕ್ಕಿದರೆ ಎದ್ದು ಕೂರುತ್ತೇನೆ. ದೊಡ್ಡ ಸದ್ದು ನನ್ನ ತಂಟೆಗೆ ಬರುವುದಿಲ್ಲ, ಚಿಕ್ಕ ಸದ್ದು ಬಿಡುವುದಿಲ್ಲ. ಮದುವೆಯಾಗಿ ಚಿಂತಾಮಣಿ ಪಕ್ಕದ ಹಳ್ಳಿಗೆ ಬಂದ ಹೊಸದರಲ್ಲಿ ನಡುಮನೆಯ ಗಡಿಯಾರದ ಟಿಕ್ ಟಿಕ್ ತಾಳಲಾರದೆ ಅದನ್ನು ಗೋಡೆಯಿಂದ ಇಳಿಸಿ ರಾಗಿ ಡಬ್ಬದೊಳಗೆ ಹೂತಿದ್ದೆ. ಬೆಳಿಗ್ಗೆ ರಾಗಿಗೆ ಕೈಹಾಕಿದ ಅತ್ತೆಗೆ ಗಡಿಯಾರ ಸಿಕ್ಕಿತು. ಅವರು ನನ್ನನ್ನು ಏನೂ ಕೇಳಲಿಲ್ಲ. ಸೆರಗಿನಿಂದ ಒರೆಸಿ, ತಿರುಗಿ ಮೊಳೆಗೆ ಹಾಕಿ, ಪಕ್ಕದ ಮನೆಯವರಿಗೆ ಮಾತ್ರ "ಪೇಟೆ ಹುಡುಗಿ" ಎಂದರಂತೆ. ಅಲ್ಲಿಂದಾಚೆ ಇಪ್ಪತ್ತೈದು ವರ್ಷ ನಾವಿಬ್ಬರೂ ಒಂದೇ ಸೂರಿನಡಿ ಬಹಳ ಮರ್ಯಾದೆಯಿಂದ ಬದುಕಿದೆವು. ಜಗಳವಿಲ್ಲ. ಮಾತೂ ಅಷ್ಟಕ್ಕಷ್ಟೇ.

ಈ ಇಪ್ಪತ್ತೈದು ವರ್ಷದ ಸಲುವಾಗಿಯೇ ನಮ್ಮವರು ಹಡಗಿನ ಪ್ರವಾಸಕ್ಕೆ ಟಿಕೆಟ್ ಮಾಡಿಸಿದ್ದು. ಚೆನ್ನೈಯಲ್ಲಿ ಹತ್ತಿ, ಮೂರು ರಾತ್ರಿ ಕಡಲ ಮೇಲಿದ್ದು, ಮತ್ತೆ ಚೆನ್ನೈಯಲ್ಲೇ ಇಳಿಯುವುದು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಆರ್ಕಿಮಿಡೀಸನ ತತ್ವವನ್ನು ಅದೆಷ್ಟೋ ವರ್ಷದಿಂದ ಬೋರ್ಡಿನ ಮೇಲೆ ತೇಲಿಸುತ್ತಿದ್ದವಳಿಗೆ ಈಗ ಸ್ವತಃ ತೇಲುವ ಯೋಗ. ಸ್ಟಾಫ್ ರೂಮಿನಲ್ಲಿ ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದೆ. ಹೊರಡಲು ವಾರವಿದ್ದಾಗ ನಮ್ಮವರು ಟೊಮೆಟೊ ತೋಟದ ಬದುವಿನ ಮೇಲೆ ಜಾರಿ ಕಾಲಿನ ಗಿಣ್ಣು ಮುರಿದುಕೊಂಡರು. ಕಾಲಿಗೆ ಬಿಳಿ ಕಟ್ಟು ಹಾಕಿಸಿಕೊಂಡು ಮಂಚದ ಮೇಲಿಂದಲೇ ಫೋನ್ ಮಾಡಿ ಟಿಕೆಟ್ಟಿನ ಹೆಸರು ಬದಲಾಯಿಸಿದರು.

"ಅಮ್ಮನ್ನ ಕರ್ಕೊಂಡ್ ಹೋಗು. ಅವ್ಳು ಸಮುದ್ರಾನೇ ನೋಡಿಲ್ಲ," ಎಂದರು.

ನಾನು "ಅಯ್ಯೋ, ಅದಕ್ಕೇನಂತೆ" ಎಂದೆ. ಹಾಗೆಂದವಳು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಮದುವೆಯ ಬೆಳ್ಳಿಹಬ್ಬವನ್ನು ಅತ್ತೆಯ ಜೊತೆ ಆಚರಿಸಿಕೊಂಡ ಹೆಂಗಸು ನಮ್ಮ ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ನನಗೆ ತಿಳಿಯದು. ಎಪ್ಪತ್ತನಾಲ್ಕರ ಅತ್ತೆಯಂತೂ "ಹಡಗಾ? ಹೋಗಣ" ಎಂದು ಅರ್ಧ ಗಂಟೆಯಲ್ಲಿ ಚೀಲ ಕಟ್ಟಿ ಮುಗಿಸಿದರು. ಎರಡು ಸೀರೆ, ಒಂದು ಶಾಲು, ಹುರಿದ ಕಡಲೆಕಾಯಿ, ತಮ್ಮದೇ ಸ್ಟೀಲ್ ಲೋಟ.

ಹಡಗು ಎಂದರೆ ಹಡಗೆನ್ನಲು ಮನಸ್ಸು ಬಾರದು. ಚಿಂತಾಮಣಿಯ ಒಂದು ಬೀದಿಯನ್ನು ಎತ್ತಿ ನಿಲ್ಲಿಸಿ, ದೀಪ ಹಾಕಿ, ನೀರಿಗೆ ಬಿಟ್ಟಂತಿತ್ತು. ನಮ್ಮ ಕೋಣೆ ಕೆಳಗಿನ ಅಂತಸ್ತಿನದು, ಕಿಟಕಿಯಿಲ್ಲ. ಬಾಗಿಲು ತೆರೆದರೆ ಎರಡು ಹಾಸಿಗೆಗಳನ್ನು ಒಂದಾಗಿ ಕೂಡಿಸಿ, ಮೇಲೆ ಟವಲಿನಲ್ಲಿ ಎರಡು ಹಂಸಗಳನ್ನು ಮಾಡಿ, ಅವುಗಳ ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದ್ದರು. ನಡುವೆ ವಾರ್ಷಿಕೋತ್ಸವದ ಶುಭಾಶಯದ ಚೀಟಿ. ಹೆಸರು ಬದಲಾದದ್ದು ಹಂಸ ಮಾಡುವವರ ತನಕ ತಲುಪಿರಲಿಲ್ಲ.

ಅತ್ತೆ ಹಂಸಗಳನ್ನು ಎರಡೂ ಕಡೆಯಿಂದ ನೋಡಿದರು. "ಒಳ್ಳೆ ಟವಲ್ನ ಬಾತುಕೋಳಿ ಮಾಡವ್ರೆ," ಎಂದು ಒಂದನ್ನು ಬಿಡಿಸಿ ಮುಖ ಒರೆಸಿಕೊಂಡರು.

ಮೊದಲ ರಾತ್ರಿ ದೀಪ ಆರಿಸಿದ ಕೂಡಲೇ ಹಡಗು ಮಾತಾಡಲು ಶುರುಮಾಡಿತು. ಕೆಳಗಿನಿಂದ ಇಂಜಿನ್ನಿನ ಗುಂಯ್. ಅದು ದೊಡ್ಡ ಸದ್ದು, ನನ್ನ ಬಾಲ್ಯದ ರೈಲಿನ ಜಾತಿಯದು, ಅದರ ಮೇಲೆ ನನಗೆ ದೂರಿಲ್ಲ. ಆದರೆ ಹಡಗು ಒಂದು ಸಲ ಎಡಕ್ಕೆ ವಾಲಿದರೆ ಗೋಡೆಯ ಹಲಗೆ ಕಿರ್ ಎನ್ನುತ್ತದೆ, ಬಲಕ್ಕೆ ವಾಲಿದರೆ ಕಿರಕ್ ಎನ್ನುತ್ತದೆ. ಬೀರುವಿನೊಳಗೆ ಹ್ಯಾಂಗರುಗಳು ಒಂದಕ್ಕೊಂದು ಟಿಣ್ ಎನ್ನುತ್ತವೆ. ಮೇಜಿನ ಡ್ರಾಯರು ತಾನಾಗಿ ಗೊರ್ ಎಂದು ಮುಂದೆ ಬಂದು, ಯೋಚಿಸಿ, ಹಿಂದೆ ಹೋಗುತ್ತದೆ. ನಮ್ಮ ತಲೆಯ ಮೇಲೆ ಊಟದ ಹಾಲಿತ್ತೆಂದು ಕಾಣುತ್ತದೆ, ಕುರ್ಚಿ ಎಳೆಯುವ ಸದ್ದು ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮತ್ತೊಂದು ಕುರ್ಚಿ. ನಾನು ಕಿವಿಗೆ ಹತ್ತಿ ತುರುಕಿಕೊಂಡೆ. ಹತ್ತಿಯೊಳಗೆ ನನ್ನ ಎದೆಬಡಿತವೇ ತಮಟೆಯಂತೆ ಕೇಳಿಸಿತು. ಕೊನೆಗೆ ಫೋನಿನಲ್ಲಿ ಮಳೆಯ ಸದ್ದು ಬರುವ ಆ್ಯಪ್ ಹಾಕಿ ದಿಂಬಿನ ಕೆಳಗಿಟ್ಟುಕೊಂಡೆ.

ಎರಡೇ ನಿಮಿಷಕ್ಕೆ ಅತ್ತೆ ಎದ್ದು ಕೂತರು. "ನೀರು ಬಿಟ್ಟು ಮರ್ತಿದೀಯೇನಮ್ಮ?"

"ಇಲ್ಲ ಅತ್ತೆ, ಇದು ಮಳೆ. ಫೋನಲ್ಲಿ."

"ಸದ್ದಿಗೆ ಮತ್ತೊಂದು ಸದ್ದು ಸೇರ್ಸಿದ್ರೆ ಕಮ್ಮಿ ಆಗುತ್ತಾ? ದೀಪ ಹಾಕು," ಎಂದರು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಬೇಟೆ ಎಂದರೆ ಅದು. ಅತ್ತೆ ಕೋಣೆಯ ನಟ್ಟನಡುವೆ ನಿಂತು, ಕಣ್ಣು ಮುಚ್ಚಿ, ಬೆರಳು ತೋರಿಸುವುದು. ನಾನು ಅತ್ತ ಓಡುವುದು. ಹ್ಯಾಂಗರುಗಳನ್ನೆಲ್ಲ ತೆಗೆದು ನೆಲದ ಮೇಲೆ ಮಲಗಿಸಿದೆವು. ಡ್ರಾಯರಿಗೆ ಶುಭಾಶಯದ ಚೀಟಿಯನ್ನು ಮಡಚಿ ಸಿಕ್ಕಿಸಿದೆವು. ಗೋಡೆಯ ಹಲಗೆಗಳ ಸಂದಿಗೆ ಕಡಲೆಕಾಯಿ ಕಟ್ಟಿದ್ದ ಕಾಗದ. ಅತ್ತೆ ತಮ್ಮ ಸ್ಟೀಲ್ ಲೋಟವನ್ನು ಗೋಡೆಗೆ ಬೋರಲು ಹಾಕಿ ಅದಕ್ಕೆ ಕಿವಿಯಿಟ್ಟು, ಯಾವ ಹಲಗೆ ಎಲ್ಲಿ ಅಳುತ್ತಿದೆ ಎಂದು ಅಂಗುಲ ತಪ್ಪದೆ ಹೇಳುತ್ತಿದ್ದರು. ಗಾಳಿಗಿಂತ ಘನವಸ್ತುವಿನಲ್ಲಿ ಶಬ್ದ ಬೇಗ ಹರಿಯುತ್ತದೆ ಎಂದು ಮಕ್ಕಳಿಗೆ ಪ್ರತಿವರ್ಷ ಬರೆಸುವವಳು ನಾನು. ಒಂದು ಸಲವಾದರೂ ಗೋಡೆಗೆ ಕಿವಿಯಿಟ್ಟು ನೋಡಿದವಳಲ್ಲ.

"ಇದೆಲ್ಲ ಎಲ್ಲಿ ಕಲಿತ್ರಿ ಅತ್ತೆ?"

"ಮೋಟರ್ ಮನೇಲಿ. ನಿಮ್ ಮಾವ ಇರೋವಾಗ ಕರೆಂಟ್ ಬರ್ತಿದ್ದದ್ದೇ ರಾತ್ರಿ. ಅವ್ರು ಪೈರಲ್ಲಿ ನೀರು ತಿರುಗಿಸ್ತಿದ್ರು, ನಾನು ಮೋಟರ್ ಹತ್ರ ಮಲ್ಕೊಂತಿದ್ದೆ. ಬೋರು ನೀರೆತ್ತೋವಾಗ ಒಂದು ಸದ್ದು, ಬರೀ ಗಾಳಿ ಎತ್ತೋವಾಗ ಇನ್ನೊಂದು ಸದ್ದು. ನಿದ್ದೇಲೇ ತಿಳಿಬೇಕು. ಇಲ್ಲಾಂದ್ರೆ ಮೋಟರ್ ಸುಟ್ಟೋಗುತ್ತೆ."

ಇಪ್ಪತ್ತೈದು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು. ಅದನ್ನು ಕೇಳಿದ ಸಂಭ್ರಮಕ್ಕೋ, ಓಡಾಡಿದ ದಣಿವಿಗೋ, ನನಗೆ ನಿದ್ದೆ ಹತ್ತಿತು.

ಎರಡನೆಯ ರಾತ್ರಿ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ಅತ್ತೆಯ ಕೈ.

"ಏಳಮ್ಮ. ಗೋಡೆ ಒಳಗೆ ನೀರು ಸೋರ್ತೈತೆ."

ಕಿವಿಗೊಟ್ಟೆ. ಇಂಜಿನ್ನಿನ ಗುಂಯ್ ಬಿಟ್ಟರೆ ನನಗೇನೂ ಕೇಳಲಿಲ್ಲ. ಅತ್ತೆ ಲೋಟವನ್ನು ನನ್ನ ಕೈಗಿಟ್ಟು ಬಚ್ಚಲಿನ ಪಕ್ಕದ ಗೋಡೆ ತೋರಿಸಿದರು. ಕಿವಿಯಿಟ್ಟೆ. ಬಹಳ ದೂರದಲ್ಲಿ, ಹಾವು ಉಸಿರಾಡಿದಂತೆ, ಬುಸ್. ಆಮೇಲೆ ಟಕ್. ಮತ್ತೆ ಬುಸ್.

"ನಿನ್ನೆ ಇದು ಇರ್ಲಿಲ್ಲ. ಹೋಗಿ ಹೇಳು," ಎಂದರು.

ಕೋಣೆಯ ಫೋನ್ ಎತ್ತಿ ಕೌಂಟರಿಗೆ ಮಾಡಿದರೆ ಆ ಕಡೆ ಯಾರೂ ತೆಗೆಯುತ್ತಿಲ್ಲ. ನಾನು ಹಿಂದೇಟು ಹಾಕಿದೆ. ಈಗ ನಿಜ ಹೇಳಬೇಕು. ಸಾವಿರಾರು ಜನರ ಹಡಗಿನಲ್ಲಿ, ಆ ಹೊತ್ತಿನಲ್ಲಿ, ನೈಟಿಯ ಮೇಲೆ ಅತ್ತೆಯ ಶಾಲು ಹೊದ್ದು, ನಮ್ಮ ಅತ್ತೆಗೆ ಗೋಡೆಯಲ್ಲಿ ಏನೋ ಕೇಳಿಸುತ್ತಿದೆ ಎಂದು ಹೇಳಲು ಹೋಗುವುದಕ್ಕೆ ನನಗೆ ನಾಚಿಕೆಯಾಗಿತ್ತು. ಇಂಥ ನಾಚಿಕೆ ಅದೇ ಮೊದಲಲ್ಲ. ಸ್ಕೂಲಿನ ವಾರ್ಷಿಕೋತ್ಸವಕ್ಕೆ ಅವರನ್ನು ಯಾವತ್ತೂ ಕರೆದುಕೊಂಡು ಹೋಗದಿರಲು ನಾನು ಹೇಳುತ್ತಿದ್ದ ಕಾರಣಗಳು ಬೇರೆ, ಇದ್ದ ಕಾರಣ ಇದು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಒತ್ತಾಯ ಮಾಡಲಿಲ್ಲ. "ನಂಗೆ ಇಂಗ್ಲೀಷು ಬರಲ್ಲ. ಬಂದಿದ್ರೆ ನಾನೇ ಹೋಗ್ತಿದ್ದೆ," ಎಂದಷ್ಟೇ ಹೇಳಿದರು.

ನಾನು ಚಪ್ಪಲಿ ಮೆಟ್ಟಿದೆ.

ಮೇಲಿನ ಕೌಂಟರಿನಲ್ಲಿ ಟೈ ಕಟ್ಟಿದ ಹೆಣ್ಣುಮಗಳೊಬ್ಬಳು ನಗುನಗುತ್ತಾ ಕೇಳಿಸಿಕೊಂಡಳು. ನಾನು ಇಂಗ್ಲಿಷಿನಲ್ಲಿ, ನಮ್ಮ ಕೋಣೆಯಲ್ಲಿ ಸದ್ದು ಬರುತ್ತಿದೆ ಎಂದೆ. ಎಲ್ಲ ಹಡಗಿನಲ್ಲೂ ಸದ್ದು ಬರುತ್ತದೆ ಮೇಡಂ ಎಂದು ಅವಳು ಕಿವಿಗೆ ಹಾಕಿಕೊಳ್ಳುವ ಎರಡು ಬಿರಡೆಗಳನ್ನು ಮುಂದಿಟ್ಟಳು. ಇದು ಬೇರೆ ಸದ್ದು ಎಂದೆ. ಎಂಥ ಸದ್ದು ಎಂದಳು. ಅಲ್ಲಿ ನಾನು ಸಿಕ್ಕಿಬಿದ್ದೆ. ಕನ್ನಡದಲ್ಲಿ ಸದ್ದಿಗೆ ಬರವೇ? ಎಲೆ ಸರಸರ, ಗೆಜ್ಜೆ ಘಲ್ ಘಲ್, ಒಗ್ಗರಣೆ ಚಟಪಟ, ನೀರು ಜುಳುಜುಳು, ಬೆಂಕಿ ಧಗಧಗ. ಕೆಲವು ಸದ್ದೇ ಇಲ್ಲದವಕ್ಕೂ ನಾವು ಸದ್ದು ಕೊಟ್ಟಿದ್ದೇವೆ, ನಕ್ಷತ್ರ ಮಿಣಮಿಣ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ನನ್ನ ಬಳಿಯಿದ್ದದ್ದು ಒಂದೇ ಶಬ್ದ, ನಾಯ್ಸ್. ಅದನ್ನು ಆಗಲೇ ಮೂರು ಸಲ ಖರ್ಚು ಮಾಡಿದ್ದೆ. ಕೊನೆಗೆ ಎರಡೂ ಕೈ ಕೌಂಟರಿನ ಮೇಲೂರಿ, ಶಾಲು ಜಾರಿದ್ದನ್ನೂ ಗಮನಿಸದೆ, "ಬುಸ್" ಎಂದೆ. ಅವಳು ಹಿಂದಕ್ಕೆ ಸರಿದಳು. "ಆಮೇಲೆ ಟಕ್," ಎಂದೆ.

ಅವಳು ನಗಲಿಲ್ಲ. ನಾನು ಬಿರಡೆಗಳನ್ನು ಅವಳ ಕಡೆಗೇ ತಳ್ಳಿ, "ನಮ್ಮತ್ತೆ ಹೇಳಿದರೆ ಅದು ನೀರೇ. ಯಾರಾದರೂ ಬರುವ ತನಕ ನಾನು ಇಲ್ಲಿಂದ ಕದಲುವುದಿಲ್ಲ," ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೇ ಮೈ ಜುಂ ಎಂದಿತು. ಅವಳು ವಾಕಿ ಟಾಕಿ ಎತ್ತಿಕೊಂಡಳು.

ಬಂದವನು ಐವತ್ತು ದಾಟಿದ, ನರೆತ ಮೀಸೆಯ ಪ್ಲಂಬರ್. ನಮ್ಮ ಕೋಣೆಯ ಬಾಗಿಲಲ್ಲಿ ನಿಂತ ಅವನನ್ನು ಅತ್ತೆ ಒಮ್ಮೆ ನೋಡಿ, "ಏ ಊರು ನಾಯನಾ?" ಯಾವ ಊರಪ್ಪಾ ಎಂದು ತೆಲುಗಿನಲ್ಲಿ ಕೇಳಿದರು. ಆಂಧ್ರದ ಗಡಿಯ ನಮ್ಮ ಕಡೆ ಹೊಸಬರನ್ನು ಕಂಡರೆ ಬಾಯಿಗೆ ಮೊದಲು ಬರುವ ಭಾಷೆ ಅದೇ.

ಅವನ ಮುಖ ಅರಳಿತು. "ಶ್ರೀಕಾಕುಳಂ ಅಮ್ಮಾ."

"ಗೋಡ ಲೋಪಲ ನೀಳ್ಳು ಕಾರ್ತಾ ಉಂಡಾಯಿ," ಗೋಡೆ ಒಳಗೆ ನೀರು ಸೋರುತ್ತಿದೆ ಎಂದು ಅತ್ತೆ ಲೋಟ ಕೊಟ್ಟರು. ಅವನು ಅದನ್ನು ನಗದೆ ಇಸಿದುಕೊಂಡ. ಗೋಡೆಗೆ ಹಿಡಿದು ಆಲಿಸಿದ. ಮುಖದ ಮೇಲಿನ ನಿದ್ದೆ ಹಾರಿಹೋಯಿತು. ಸ್ಕ್ರೂ ಬಿಚ್ಚಿ ಹಲಗೆ ತೆಗೆದರೆ, ಒಳಗೆ ಬಿಸಿನೀರಿನ ಕೊಳವೆಯ ಕೀಲಿನಿಂದ ಸೂಜಿಯಷ್ಟು ತೆಳ್ಳಗೆ ನೀರು ಬುಸ್ ಎಂದು ಚಿಮ್ಮುತ್ತಿತ್ತು. ಚಿಮ್ಮಿದ್ದು ಎದುರಿನ ತಗಡಿಗೆ ಬಡಿದು ಹನಿಯಾಗಿ ಟಕ್ ಎಂದು ಬೀಳುತ್ತಿದ್ದುದು ಕರೆಂಟಿನ ದಪ್ಪ ತಂತಿಗಳ ಕಂತೆಯ ಮೇಲೆ. ಕಂತೆ ಆಗಲೇ ನೆನೆದು ಹೊಳೆಯುತ್ತಿತ್ತು. ಅವನು ವಾಕಿ ಟಾಕಿಯಲ್ಲಿ ಏನೋ ಅವಸರವಾಗಿ ಹೇಳಿದ. ನಮ್ಮ ಸಾಲಿನ ದೀಪಗಳೆಲ್ಲ ಆರಿದವು. ಟಾರ್ಚು ಹಿಡಿದು ಇನ್ನೂ ಮೂವರು ಬಂದರು. ಪಕ್ಕದ ಕೋಣೆಯ ತಾಯಿ ನಿದ್ದೆಗಣ್ಣಿನ ಎರಡು ಮಕ್ಕಳನ್ನು ಹೊತ್ತು ಹೊರಗೆ ಬಂದಳು.

ಕೆಲಸ ಮುಗಿದ ಮೇಲೆ ಪ್ಲಂಬರ್ ಕೈ ಒರೆಸಿಕೊಂಡು ಅತ್ತೆಯ ಮುಂದೆ ಬಂದು ನಿಂತ. ಬೆಳಗಿನ ತನಕ ಬಿಟ್ಟಿದ್ದರೆ ತಂತಿಗೆ ನೀರಿಳಿದು ಬೆಂಕಿ ಹೊತ್ತಿಕೊಳ್ಳುತ್ತಿತ್ತು ಎಂದು ತೆಲುಗಿನಲ್ಲಿ ಹೇಳಿ, ಹೇಗೆ ತಿಳಿಯಿತು ಎಂದು ಕೇಳಿದ. ಅತ್ತೆ ಅವನಿಗೂ ಮೋಟರ್ ಮನೆಯ ಕಥೆ ಹೇಳಿದರು. ಕೊನೆಯಲ್ಲಿ ನನ್ನ ಕಡೆ ಕೈ ತೋರಿಸಿ, "ಹೋಗಿ ಕರ್ಕೊಂಡ್ ಬಂದಿದ್ದು ನಮ್ ಸೊಸೆ. ಮೇಡಂ ಅವ್ಳು," ಎಂದು ಕನ್ನಡದಲ್ಲೇ ಸೇರಿಸಿದರು. ಅವನಿಗೆ ಅರ್ಥವಾಯಿತೋ ಇಲ್ಲವೋ, ನನಗಾಯಿತು.

ಮರುದಿನ ಹಡಗಿನವರು ನಮ್ಮನ್ನು ಮೇಲಿನ ಅಂತಸ್ತಿನ ದೊಡ್ಡ ಕೋಣೆಗೆ ಸಾಗಿಸಿದರು. ಗಾಜಿನ ಬಾಗಿಲು, ಆಚೆಗೆ ಕಡಲು. ಬೇರೆ ಬೇರೆ ಹಾಸಿಗೆ. ಸದ್ದೆಂಬುದೇ ಇಲ್ಲ. ನಾನು ಕಾದಿದ್ದ ನಿಶ್ಶಬ್ದ ಇದೇ. ಮೂರನೆಯ ರಾತ್ರಿ ಅದರಲ್ಲಿ ಇಬ್ಬರೂ ಕಣ್ಣು ಬಿಟ್ಟುಕೊಂಡು ಮಲಗಿದ್ದೆವು.

"ನಿದ್ದೆ ಬರ್ಲಿಲ್ವಾ ಅತ್ತೆ?"

"ನೀನಿನ್ನೂ ಗೊರಕೆ ಶುರು ಮಾಡಿಲ್ವಲ್ಲ."

ಹನಿಗೆ ಏಳುವ, ಗಡಿಯಾರಕ್ಕೆ ಏಳುವ ಸೂಕ್ಷ್ಮ ಜೀವಿಯಾದ ನಾನು ದಿಂಬಿನ ಮೇಲೆ ಮೊಣಕೈಯೂರಿದೆ. "ನಾನು ಗೊರಕೆ ಹೊಡೀತೀನಾ?"

"ಮದ್ವೆ ಆಗಿ ಬಂದಾಗ್ನಿಂದ. ಗೋಡೆ ಆಚೆ ನಂಗೆ ಕೇಳ್ಸುತ್ತೆ. ಮಾವ ಹೋದ್ಮೇಲೆ ನಂಗೆ ರಾತ್ರಿ ನಿದ್ದೆ ಕಷ್ಟ ಆಗಿತ್ತು. ನಿನ್ ಗೊರಕೆ ಕೇಳಿದ್ರೆ, ಸರಿ, ಸೊಸೆ ಮಲ್ಕೊಂಡ್ಲು, ಮನೇಲಿ ಎಲ್ಲಾರೂ ಚೆನ್ನಾಗವ್ರೆ ಅಂತ ನಾನೂ ಮಲ್ಕೊಂತೀನಿ." ಶಾಲು ಎಳೆದುಕೊಂಡು, "ನೀರೆತ್ತೋ ಸದ್ದಿನ ಹಂಗೆ," ಎಂದರು.

ಗೋಡೆಯ ಈ ಕಡೆ ಮಲಗಿ ನಾನು ಎಷ್ಟೋ ರಾತ್ರಿ ಅವರ ಕೆಮ್ಮಿಗೆ, ಅವರ ಬಾಗಿಲಿನ ಚಿಲಕಕ್ಕೆ ಬೈದುಕೊಂಡಿದ್ದೆ. ಅದೇ ಗೋಡೆಯ ಆ ಕಡೆ ನನ್ನ ಸದ್ದಿಗಾಗಿ ಒಬ್ಬರು ಕಾಯುತ್ತಿದ್ದರು. ಆಮೇಲೆ ಇಬ್ಬರೂ ಎದ್ದು, ಗಾಜಿನ ಬಾಗಿಲು ಸರಿಸಿ, ಶಾಲನ್ನು ಹಂಚಿಕೊಂಡು ಹೊರಗೆ ಕೂತೆವು. ಗಾಳಿ ಭೋರೆನ್ನುತ್ತಿತ್ತು. ಕಡಲೆಕಾಯಿ ಸುಲಿಯುತ್ತಾ ಬೆಳಗಾಗುವ ತನಕ ಮಾತಾಡಿದೆವು. ಏನು ಮಾತಾಡಿದೆವು ಎಂದು ಕೇಳಬೇಡಿ, ಅರ್ಧಕ್ಕಿಂತ ಹೆಚ್ಚು ನಮ್ಮವರ ಮೇಲಿನ ದೂರುಗಳೇ. ಅವರ ತಾಯಿಯ ಬಳಿ ನನಗಿಂತ ದೊಡ್ಡ ಪಟ್ಟಿಯಿತ್ತು.

ಈಗ ನಮ್ಮವರ ಕಾಲು ವಾಸಿಯಾಗಿದೆ. ಹೆಂಡತಿಯ ಬೆಳ್ಳಿಹಬ್ಬ ಹಾಳಾಯಿತು ಎಂಬ ಕೊರಗು ಮಾತ್ರ ಹಾಗೇ ಇದೆ. ಮೊನ್ನೆ ಊಟ ಮಾಡುತ್ತಾ, "ಬೇಸಿಗೆ ರಜಕ್ಕೆ ಇನ್ನೊಂದು ಟ್ರಿಪ್ ಮಾಡಣ. ಎಲ್ಲಿಗಂತ ನೀನೇ ಹೇಳು, ಎರಡು ಟಿಕೆಟ್ ಮಾಡಿಸ್ತೀನಿ," ಎಂದರು.

ಒಳಗಿನಿಂದ ಅತ್ತೆ, "ಈ ಸಲ ರೈಲಲ್ಲಿ ಹೋಗಣ ಕಣಮ್ಮ," ಎಂದರು.

"ಹಂಗೇ ಆಗ್ಲಿ ಅತ್ತೆ," ಎಂದೆ. ನಮ್ಮವರು ನನ್ನ ಮುಖ ನೋಡಿದರು, ಅವರ ತಾಯಿ ಇದ್ದ ಕಡೆ ನೋಡಿದರು. ತಟ್ಟೆಯಲ್ಲಿ ಬೆರಳಾಡಿಸುತ್ತಾ, "ಹಂಗಾದ್ರೆ ಮೂರು ಟಿಕೆಟ್ಟು," ಎಂದರು.

"ಇಲ್ಲ," ಎಂದೆ, "ಎರಡೇ ಸಾಕು."