ಮೂರನೇ ಗರ್ಡರ್ ಮೇಲೆ ಮಿಮಿಕ್ರಿ

ಮೊದಲೇ ಹೇಳಿಬಿಡುತ್ತೇನೆ: ಆ ಗರ್ಡರ್‌ಗೆ ಏನೂ ಆಗಿರಲಿಲ್ಲ. ಹರಿಹರದ ಮಂಡಕ್ಕಿ ಭಟ್ಟಿಯೊಂದರ ಅಟ್ಟ ಇಂದೋ ನಾಳೆಯೋ ಕುಸಿಯುತ್ತದೆ ಎಂದು ಕಂಪ್ಯೂಟರ್ ಹೇಳಿದ್ದಕ್ಕೆ ಪೂರ್ತಿ ಕಾರಣ ನಾನು. ಲೆಕ್ಕ ತಪ್ಪಿದೆನೆಂದು ತಿಳಿಯಬೇಡಿ. ಲೆಕ್ಕ ಮಾಡುವ ಕೆಲಸವನ್ನು ಯಾರೂ ನನ್ನ ಕೈಗೆ ಕೊಡುತ್ತಿರಲಿಲ್ಲ. ನನ್ನ ಕೆಲಸ ಸುಮ್ಮನೆ ನಿಲ್ಲುವುದಾಗಿತ್ತು, ಅದನ್ನೇ ಕೆಡಿಸಿದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ಅಂದರೆ ಕಾಲೇಜಿನಲ್ಲಿ ಮಿಮಿಕ್ರಿ ಮಾಡಿಕೊಂಡಿದ್ದೆ. ಹರಿಹರದ ಬಸ್ಸಿನ ಕಂಡಕ್ಟರ್, ಹಾಸ್ಟೆಲಿನ ಅಡುಗೆಯವನು, ಪ್ರಶ್ನೆಪತ್ರಿಕೆ ಕೈಗೆ ಬಂದಾಗಿನ ನನ್ನದೇ ಮುಖ, ಎಲ್ಲವೂ ಬರುತ್ತಿದ್ದವು. ನನ್ನ ಮೇರುಕೃತಿ ಮಾತ್ರ ನಮ್ಮ ಪ್ರಾಜೆಕ್ಟ್ ಗೈಡ್. ಹದಡಿ ಕಡೆಯವರು. ಮಾತಿಗೆ ಮೊದಲು ಒಂದು ಕೆಮ್ಮು, ಕನ್ನಡಕ ಮೇಲೆ ತಳ್ಳುವುದು, ಆಮೇಲೆ ಸೀಮೆಸುಣ್ಣದಿಂದ ಮೇಜಿಗೆ ಟಕ್ ಟಕ್ ಕುಟ್ಟಿ, ‘ಇಲ್ ಕೇಳ್ರಪಾ, ಇದು ಹೆಂಗೆ ಅಂದ್ರೆ...’ ಎನ್ನುವುದು. ನಾನು ಮಾಡಿದರೆ ಅವರಿಗಿಂತ ಚೆನ್ನಾಗಿರುತ್ತಿತ್ತು ಎಂದು ಗೆಳೆಯರು ಹೇಳುತ್ತಿದ್ದರು. ನಾನು ನಂಬುತ್ತಿದ್ದೆ.

ಉಳಿದವರೆಲ್ಲ ಹೋದ ವರ್ಷದವರ ಪ್ರಾಜೆಕ್ಟಿಗೆ ಹೊಸ ರಟ್ಟು ಹಾಕಿಸುತ್ತಿದ್ದಾಗ ನಮ್ಮ ಗೈಡ್ ಹೊಸದೇನನ್ನೋ ಹಿಡಿದಿದ್ದರು. ಉಕ್ಕಿನ ಗರ್ಡರ್‌ಗೆ ಒಂದು ಪೆಟ್ಟು ಕೊಟ್ಟರೆ ಅದು ತನ್ನದೇ ಒಂದು ವೇಗದಲ್ಲಿ ಅದುರುತ್ತದೆ. ಒಳಗೆ ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ ಅದುರು ನಿಧಾನವಾಗುತ್ತದೆ. ಹಾಳಾದ ಜಾಗ ಯಾವುದು ಎಂದು ಹುಡುಕುವುದು ಕಂಪ್ಯೂಟರಿನ ಕೆಲಸ. ಅದು ಹುಡುಕುವ ರೀತಿ ಥೇಟ್ ನಮ್ಮ ಕಡೆ ಸಂಬಂಧ ಕುದುರಿಸುವವರ ರೀತಿ. ಮೊದಲು ಬಾಯಿಗೆ ಬಂದಂತೆ ಒಂದಷ್ಟು ಊಹೆಗಳು: ಈ ತುದಿ ಸವೆದಿರಬಹುದು, ಆ ತುದಿ ಸವೆದಿರಬಹುದು, ನಡುವೆ ಸವೆದಿರಬಹುದು. ನಾವು ಅಳೆದ ಅದುರಿಗೆ ಹತ್ತಿರ ಬಂದ ಊಹೆಗಳು ಉಳಿಯುತ್ತವೆ, ಹಾಗೆ ಉಳಿದುಕೊಂಡವಕ್ಕೆ ಮದುವೆ, ಮದುವೆಯಾದವಕ್ಕೆ ಮಕ್ಕಳು. ಮಕ್ಕಳಲ್ಲಿ ಯೋಗ್ಯರಿಗೆ ಮತ್ತೆ ಮದುವೆ. ಹೀಗೆ ತಲೆಮಾರುಗಳು ಕಳೆದು ಕೊನೆಗೆ ಹುಟ್ಟುವ ಕುಲದೀಪಕನೇ ಉತ್ತರ. ಇದಕ್ಕೆ ಜೆನೆಟಿಕ್ ಅಲ್ಗಾರಿದಮ್ ಎಂದು ಹೆಸರು. ನಡುವೆ ಕರೆಂಟ್ ಹೋದರೆ ಇಡೀ ವಂಶ ನಿರ್ನಾಮ. ದಾವಣಗೆರೆಯಲ್ಲಿ ಆಗ ವಂಶಗಳು ಪದೇ ಪದೇ ನಿರ್ನಾಮವಾಗುತ್ತಿದ್ದವು.

ಪ್ರೋಗ್ರಾಂ ಬರೆದವನು ನನ್ನ ಜೊತೆಗಾರ, ಹರಿಹರದ ಹುಡುಗ, ನಿಜವಾಗಿಯೂ ಓದುವವನು. ಲ್ಯಾಬಿನಲ್ಲಿ ನಾವೇ ಗರಗಸದಿಂದ ಕೊಯ್ದಿದ್ದ ಪುಟ್ಟ ತೊಲೆಯಲ್ಲಿ ಕೊಯ್ದ ಜಾಗವನ್ನು ಅದು ಸರಿಯಾಗಿ ತೋರಿಸಿತು. ನಾವು ಕುಣಿದಾಡಿದರೂ ಗೈಡ್ ಮಾತ್ರ ಕೆಮ್ಮಿದರು.

“ನಾವೇ ಕೊಯ್ದಿದ್ದನ್ನ ನಾವೇ ಹುಡುಕಿದ್ರೆ ಅದೇನು ದೊಡ್ಡಸ್ತಿಕೆನ್ರಪಾ? ನಿಜವಾದ್ದೊಂದು ಕಟ್ಟಡ ತೋರಿಸ್ರಿ.”

ಜೊತೆಗಾರ ತನ್ನ ಖಾಲಾನ ಮಂಡಕ್ಕಿ ಭಟ್ಟಿ ತೋರಿಸಿದ. ಅವನ ತಾಯಿಯ ತಂಗಿ ಆಕೆ; ಭಟ್ಟಿಗೆ ಬಂದವರಿಗೆಲ್ಲ ಖಾಲಾ. ಭಟ್ಟಿ ಹೊಳೆಗೆ ಹತ್ತಿರ, ಮಳೆಗಾಲದಲ್ಲಿ ನೆಲವೆಲ್ಲ ತೇವ. ಮಂಡಕ್ಕಿ ಗರಿಗರಿಯಾಗಿ ಉಳಿಯಬೇಕಾದರೆ ಚೀಲಗಳು ಅಟ್ಟ ಹತ್ತಲೇಬೇಕು. ದಾವಣಗೆರೆಯಲ್ಲಿ ಮುಚ್ಚಿದ ಹತ್ತಿ ಮಿಲ್ಲೊಂದರ ಹಳೇ ಗರ್ಡರ್‌ಗಳನ್ನು ಗುಜರಿಯಲ್ಲಿ ಕೊಂಡು ಅವುಗಳ ಮೇಲೆ ಕೂರಿಸಿದ ಅಟ್ಟ ಅದು. ಹಳೇ ಕಬ್ಬಿಣವೆಂದ ಕೂಡಲೇ ಗೈಡ್ ಕಣ್ಣು ಹೊಳೆಯಿತು. ಅದು ಸವೆದಿರಬಹುದೆಂದು ಖಾಲಾಗೂ ಒಳಗೊಳಗೆ ಅನುಮಾನವಿತ್ತು, ಒಪ್ಪಿದರು. ಮೇಲೆ ಭಾರ ಇದ್ದರೂ ಅದುರು ನಿಧಾನವಾಗುತ್ತದೆ; ಕಂಪ್ಯೂಟರಿಗೆ ಕೊಟ್ಟಿದ್ದು ಖಾಲಿ ಅಟ್ಟದ ಲೆಕ್ಕವಾದ್ದರಿಂದ ಚೀಲಗಳನ್ನೆಲ್ಲ ಕೆಳಗಿಳಿಸಿದರು.

ಗೈಡ್‌ಗೆ ಅಂದು ಬೇರೆ ಕೆಲಸ. ಅದುರು ಅಳೆಯುವ ಪೆಟ್ಟಿಗೆ ಇಟ್ಟುಕೊಂಡು ಜೊತೆಗಾರ ಹೊರಗೆ ಕಿಟಕಿ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕುಳಿತ, ಅಲ್ಲಿಂದ ಅಟ್ಟ ಕಾಣುತ್ತಿರಲಿಲ್ಲ. ಒಳಗಿನ ಬಿಸಿಗೆ ಪೆಟ್ಟಿಗೆ ಕೆಡುತ್ತದೆಂದು ಭಯ. ನಾನು ಅಟ್ಟದ ಮೇಲೆ. ಗರ್ಡರ್‌ಗೆ ಸೆನ್ಸರ್ ಅಂಟಿಸುವುದು, ರಬ್ಬರ್ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು ಗೋಡೆಯ ಕಡೆ ಸರಿದು ಸುಮ್ಮನೆ ನಿಲ್ಲುವುದು. ಮೊದಲ ಎರಡು ಗರ್ಡರ್ ಹಾಗೇ ಮುಗಿದವು. ಮೂರನೆಯದರ ಹೊತ್ತಿಗೆ ಚಹಾ ಬಂತು. ಚಹಾದ ಜೊತೆ ಭಟ್ಟಿಯವರು ಏಳೆಂಟು ಜನ ಏಣಿ ಹತ್ತಿ ಮೇಲೆ ಬಂದರು. ಜನ ಎದುರಿಗೆ ನಿಂತರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಕೆಮ್ಮಿದೆ. ಇಲ್ಲದ ಕನ್ನಡಕ ಮೇಲೆ ತಳ್ಳಿದೆ. ಸೀಮೆಸುಣ್ಣದ ಬದಲು ಸುತ್ತಿಗೆಯಿಂದ ಗರ್ಡರ್ ಕುಟ್ಟಿ, ‘ಇಲ್ ಕೇಳ್ರಪಾ...’ ಎಂದೆ. ಎಲ್ಲರೂ ಅಟ್ಟದ ನಟ್ಟನಡುವೆ ಗುಂಪಾಗಿ ನನ್ನ ಸುತ್ತ ಒತ್ತಿಕೊಂಡರು. ಪೆಟ್ಟಿಗೆಗೆ ಸಿಕ್ಕಿದ್ದು ಆಗ ನಾನು ಕುಟ್ಟುತ್ತಿದ್ದ ಪೆಟ್ಟುಗಳೇ.

ಹೊರಗಿನಿಂದ ಜೊತೆಗಾರ ಕೂಗಿದ: “ಲೇ, ಮೇಲೆ ಖಾಲಿ ಐತೇನೋ?”

ಆ ಭಟ್ಟಿಯಲ್ಲಿ ಅಟ್ಟ ಖಾಲಿ ಎಂದರೆ ಚೀಲ ಇಲ್ಲ ಎಂದರ್ಥ. ಮನುಷ್ಯರನ್ನು ಯಾರೂ ಭಾರವೆಂದು ಎಣಿಸುತ್ತಿರಲಿಲ್ಲ. “ಪೂರ್ತಿ ಖಾಲಿ!” ಎಂದೆ, ಗೈಡ್ ದನಿಯಲ್ಲೇ.

ಕಂಪ್ಯೂಟರಿಗೆ ಮಿಮಿಕ್ರಿ ತಿಳಿಯದು. ಅದಕ್ಕೆ ತಿಳಿದದ್ದು, ಖಾಲಿ ಗರ್ಡರ್ ಇಷ್ಟು ನಿಧಾನ ಅದುರಬಾರದು ಎಂಬುದೊಂದೇ. ಮದುವೆ ಮಾಡಿಸಿತು, ಮಕ್ಕಳು ಮಾಡಿಸಿತು, ಕೊನೆಗೆ ಕುಲದೀಪಕ ಹುಟ್ಟಿ ಹೇಳಿದ: ಮೂರನೇ ಗರ್ಡರ್, ಸರಿಯಾಗಿ ನಡುವೆ, ಅರ್ಧ ಶಕ್ತಿ ಹೋಗಿದೆ. ಗೈಡ್ ಕೆಮ್ಮುವುದನ್ನೇ ಮರೆತರು. ಅಟ್ಟಕ್ಕೆ ಒಂದು ಚೀಲವನ್ನೂ ಏರಿಸಕೂಡದೆಂದು ಅಂದೇ ಹೇಳಿ ಕಳಿಸಿದರು. ಆ ಸಂತೋಷದಲ್ಲಿ ನನಗೂ ಪಾಲು ಬಂತು. ಮಿರ್ಚಿ ತಿನ್ನುತ್ತಾ ‘ನಮ್ಮ ಸಂಶೋಧನೆ’ ಎನ್ನತೊಡಗಿದೆ.

ಚೀಲಗಳು ನೆಲದ ಮೇಲೇ ಉಳಿದವು. ಮಳೆ ಹಿಡಿಯಿತು. ದಾವಣಗೆರೆಯಲ್ಲಿ ಖಾಲಾನಿಂದ ಯಾವಾಗಲೂ ಕೊಳ್ಳುತ್ತಿದ್ದ ಅಂಗಡಿಯವರು ಮಾಲು ವಾಪಸ್ ಕಳಿಸಿ, “ಖಾಲಾ, ಇದು ಮಂಡಕ್ಕಿ ಅಲ್ರಿ, ಅರಳೆ. ಇನ್ನೊಂದ್ಸಲ ಹಿಂಗೇ ಬಂದ್ರೆ ಬೇರೆ ಭಟ್ಟಿ ನೋಡ್ಕೊಂತೀವಿ” ಎಂದು ಹೇಳಿಸಿದರು. ಹತ್ತಿಯ ಊರಿನವರು ಅರಳೆ ಎಂದರೆ ಅದಕ್ಕೆ ಎದುರಾಡುವವರಿಲ್ಲ. ಅಟ್ಟ ಕೀಳಿಸಿ ಹೊಸದು ಹಾಕಿಸುವುದರೊಳಗೆ ಆ ಗಿರಾಕಿ ಕೈತಪ್ಪುವುದು ಖಚಿತ. ಅವರು ತಪ್ಪಿದರೆ ಭಟ್ಟಿಗೆ ಬೆಂಕಿ ಯಾರಿಗಾಗಿ?

ಕೀಳಿಸುವ ಮುನ್ನ ಇನ್ನೊಮ್ಮೆ ಅಳೆಯೋಣವೆಂದು ಜೊತೆಗಾರ ಒಬ್ಬನೇ ಹೋಗಿ ಅಳೆದು ಬಂದ. ಮೂರನೇ ಗರ್ಡರ್ ಕಲ್ಲಿನ ಹಾಗೆ ಗಟ್ಟಿ.

“ಕಬ್ಬಿಣಕ್ಕೇನು ಜ್ವರ ಬಂದು ವಾಸಿ ಆಯ್ತೇನ್ರಪಾ?” ಎಂದರು ಗೈಡ್. ಜೊತೆಗಾರ ತನ್ನ ಪ್ರೋಗ್ರಾಮನ್ನೇ ಬೈದುಕೊಳ್ಳತೊಡಗಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ಉತ್ತರವೇನೂ ಸಿಗಲಿಲ್ಲ, ಉತ್ತರ ಒಳಗೇ ನಿಂತಿತ್ತು. ಹೇಳಿದೆ: ಅಟ್ಟದ ಮೇಲೆ ಜನ ಇದ್ದರು. ಯಾಕೆ ಇದ್ದರು ಎಂದು ಗೈಡ್ ಕೇಳಿದರು. ಅದನ್ನೂ ಹೇಳಿದೆ.

ಬೈಯುತ್ತಾರೆಂದುಕೊಂಡೆ. ಅವರು ಕನ್ನಡಕ ಮೇಲೆ ತಳ್ಳಿ, “ಬಾಯಲ್ಲಿ ಹೇಳಿದ್ರೆ ಪುರಾವೆ ಆಗಂಗಿಲ್ಲ. ನಡೀರಿ ಹರಿಹರಕ್ಕೆ” ಎಂದರು.

ಭಟ್ಟಿಯಲ್ಲಿ ಪೆಟ್ಟಿಗೆಯ ಮುಂದೆ ಈ ಸಲ ಗೈಡ್ ಕುಳಿತರು. ಪಕ್ಕದಲ್ಲಿ ಖಾಲಾ, ಸೊಂಟಕ್ಕೆ ಕೈ ಕೊಟ್ಟು. ಈ ಸಲ ಕಿಟಕಿಗೆ ಮುಖ ಮಾಡಿ ಕುಳಿತಿದ್ದರಿಂದ ಅವರಿಗೆ ಒಳಗಿನದೆಲ್ಲ ಕಾಣುತ್ತಿತ್ತು. ಅದೇ ಏಳೆಂಟು ಜನ ನನ್ನ ಜೊತೆ ಮೇಲೆ ಬಂದು ಅದೇ ಜಾಗದಲ್ಲಿ ನಿಂತರು.

“ಅವತ್ತು ಏನೇನು ಮಾಡಿದಿ, ಹಂಗೇ ಮಾಡಪಾ” ಎಂದರು ಗೈಡ್.

“ಸಾರ್... ಬರೀ ನಿಂತ್ರೆ ಸಾಕಲ್ವಾ ಸಾರ್?”

“ಪ್ರಯೋಗ ಅಂದ್ಮೇಲೆ ಒಂದೂ ಬದಲಾಗಬಾರ್ದು. ನಾನು ಹೆಂಗೆ ಪಾಠ ಮಾಡ್ತೀನಿ ಅಂತ ನನಗೂ ತಿಳೀಲಿ.”

ಕೆಮ್ಮಿದೆ. ಅಷ್ಟು ಬಡಕಲು ಕೆಮ್ಮು ನನ್ನಿಂದ ಹಿಂದೆಂದೂ ಬಂದಿರಲಿಲ್ಲ. ಕನ್ನಡಕ ತಳ್ಳಿ, ಸುತ್ತಿಗೆಯಿಂದ ಕುಟ್ಟಿ, ‘ಇಲ್ ಕೇಳ್ರಪಾ, ಇದು ಹೆಂಗೆ ಅಂದ್ರೆ...’ ಎನ್ನುವಷ್ಟರಲ್ಲಿ ಕಿಟಕಿಯ ಆಚೆ ಅಸಲಿ ಕೆಮ್ಮು ಕೇಳಿಸಿತು. ಭಟ್ಟಿಯವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗೈಡ್ ನಗಲಿಲ್ಲ, ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅದುರು ಇಳಿದು ಅವತ್ತಿನ ಅಂಕಿಗೇ ಬಂದು ನಿಂತಿತ್ತು.

“ಗರ್ಡರ್‌ಗೆ ಏನೂ ಆಗಿಲ್ಲಮ್ಮಾ” ಎಂದರು ಖಾಲಾ ಕಡೆ ತಿರುಗಿ, ತಾವೇ ತಪ್ಪು ಮಾಡಿದವರ ಹಾಗೆ ತಗ್ಗಿದ ದನಿಯಲ್ಲಿ. “ಹಾಳಾಗೈತೆ ಅಂತ ನಮ್ಮ ಕಂಪ್ಯೂಟರ್ ತೋರಿಸಿದ ಜಾಗ ಐತಲ್ಲ, ಅದು ಈ ಹುಡುಗ ನಿಂತಿದ್ದ ಜಾಗ.”

ಖಾಲಾ ಕಿಟಕಿಯಿಂದ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಹಂಗಾದ್ರೆ ನಿಮ್ಮ ಮಿಷನ್ ಸರಿಯಾಗೇ ಐತೆ ಬಿಡ್ರಿ ಸಾಹೇಬ್ರೆ. ಹಾಳಾಗಿದ್ದು ಎಲ್ಲೈತೆ ಅಂತ ಕೇಳಿದ್ರಿ, ತೋರಿಸ್ತು. ಈಗ ಅದನ್ನ ಕೆಳಗಿಳಿಸ್ರಿ, ನನ್ನ ಚೀಲ ಮೇಲೆ ಹೋಗ್ಲಿ.”