ಓಲ್ಡ್ ಟೌನ್ ಗಿರಿಜಮ್ಮನ ನಾಲ್ಕು ನಿಮಿಷ

ಬೆಳಗ್ಗೆ ಆರೂವರೆಗೆ ಪಜಲ್ ಹಾಕಿದೆ. ಆರು ಮೂವತ್ತನಾಲ್ಕಕ್ಕೆ ಉತ್ತರ ಬಂತು. ‘ಕುದುರೆ ಎಫ್ ಆರು, ಚೆಕ್.’

ಉತ್ತರ ಸರಿಯಾಗಿತ್ತು. ನನ್ನ ತಕರಾರು ಅದೇ.

ನಾಲ್ಕು ನಿಮಿಷ! ಅಷ್ಟರಲ್ಲಿ ನನಗೆ ಬೆಳಗ್ಗೆ ಕನ್ನಡಕವೇ ಸಿಗುವುದಿಲ್ಲ. ಈ ಗಿರಿಜಮ್ಮನವರಿಗೆ ಮೂರು ನಡೆಯ ಚೆಕ್‌ಮೇಟ್ ಸಿಗುತ್ತದೆ. ಒಂದು ದಿನವಲ್ಲ, ಎರಡು ದಿನವಲ್ಲ, ಎರಡು ತಿಂಗಳಿಂದ.

ಹಿನ್ನೆಲೆ ಹೇಳಿಬಿಡುತ್ತೇನೆ. ಶಿವಮೊಗ್ಗ, ಭದ್ರಾವತಿಯ ನೂರು ಚಿಲ್ಲರೆ ಚೆಸ್ ಹುಚ್ಚರ ಮೊಬೈಲ್ ಗ್ರೂಪ್ ನಮ್ಮದು. ಶಿವಮೊಗ್ಗದ ಗೋಪಾಳದಲ್ಲಿ ಕೂತ ನಾನು ಅದರ ಅಡ್ಮಿನ್. ದಿನಕ್ಕೊಂದು ಪಜಲ್ ಹಾಕುವುದು ನನ್ನ ಕೆಲಸ. ಮೊದಲ ನಡೆ ಬರೆಯುವುದು ಸದಸ್ಯರ ಕೆಲಸ. ರೂಲ್ ಒಂದೇ: ಸ್ವಂತ ತಲೆ ಬಳಸಬೇಕು. ಚೆಸ್ ಬಿಡಿಸಿಕೊಡುವ ಆಪ್ ನೋಡಿ ಉತ್ತರ ಹಾಕಿದವರು ಗ್ರೂಪಿನಿಂದ ಔಟ್, ಅದೂ ಎಲ್ಲರೆದುರು ಹೆಸರು ಹೇಳಿ. (ಪಜಲ್‌ನ ಸರಿಯುತ್ತರವನ್ನು ನಾನು ಹಿಂದಿನ ದಿನವೇ ಖಚಿತ ಮಾಡಿಟ್ಟುಕೊಂಡಿರುತ್ತೇನೆ. ಹೇಗೆ ಎಂದು ಈಗಲೇ ಕೇಳಬೇಡಿ.)

ತಿಂಗಳ ಕೊನೆಯ ಭಾನುವಾರ ಅತಿ ಹೆಚ್ಚು ಸಲ ಮೊದಲು ಉತ್ತರಿಸಿದವರ ಫೋಟೊ ಒಂದು ವಾರ ಗ್ರೂಪಿನ ಡಿಪಿ ಆಗುತ್ತದೆ. ಈ ಹೆಂಗಸು ತನ್ನ ಫೋಟೊ ಹಾಕಿಲ್ಲ, ದಾಸವಾಳ ಹಾಕಿದ್ದಾರೆ. ಹಾಗಾಗಿ ಇವರು ಗೆದ್ದ ಎರಡು ಸಲವೂ ನಮ್ಮ ಚೆಸ್ ಗ್ರೂಪಿನ ಡಿಪಿ ದಾಸವಾಳ! ದಾಸವಾಳದವರು ಗುಡ್ ಮಾರ್ನಿಂಗ್ ಕಳಿಸಬೇಕು ತಾನೇ? ಮೇಟ್ ಯಾಕೆ ಕಳಿಸಬೇಕು?

ಎರಡೂ ಸಲ ಎರಡನೇ ಸ್ಥಾನಕ್ಕೆ ಬಿದ್ದವನು ವಿದ್ಯಾನಗರದ ನನ್ನ ಗೆಳೆಯ ಚಂದ್ರಣ್ಣ. ರಿಟೈರ್ ಆದ ಮೇಲೆ ಅವನಿಗೆ ಬೇರೆ ಆಸೆ ಇಲ್ಲ, ಆ ಡಿಪಿ ಒಂದೇ. ಸೋಮವಾರ ಫೋನ್ ಮಾಡಿದ.

‘ಮಾರಾಯ, ಆ ಗಿರಿಜಮ್ಮ ಸೇರುವಾಗ ಏನಂತ ಬರೆದಿದ್ರು ನೆನಪಿದ್ಯಾ? ಹಾಲಿನ ಬೂತ್, ಓಲ್ಡ್ ಟೌನ್, ಭದ್ರಾವತಿ ಅಂತ. ಬೆಳಗ್ಗೆ ಆರೂವರೆಗೆ ಹಾಲಿನ ಬೂತಲ್ಲಿ ಉಸಿರಾಡೋಕೆ ಪುರುಸೊತ್ತಿರಲ್ಲ. ಅಂಥಾದ್ರಲ್ಲಿ ಕುದುರೆ ಬಲಿ ಕೊಡ್ತಾರೆ ಅಂದ್ರೆ ನಂಬ್ತೀಯಾ?’

‘ಆಪ್ ಅಂತೀಯಾ?’

‘ಇನ್ನೇನು ಎಮ್ಮೆ ಹೇಳ್ಕೊಡುತ್ತಾ? ತೆಗೆದುಹಾಕು. ಇಲ್ಲಾಂದ್ರೆ ಈ ಭಾನುವಾರ ನಾನೇ ಹೊರಗೆ ಹೋಗ್ತೀನಿ.’

ಅನುಮಾನ ಒಮ್ಮೆ ಹೊಕ್ಕರೆ ಎಲ್ಲವೂ ಸಾಕ್ಷಿಯೇ. ಹಳೆಯ ಮೆಸೇಜುಗಳನ್ನೆಲ್ಲ ಕೆದಕಿದೆ. ಕೆಲವು ದಿನ ಅವರು ಒಂದು ಉತ್ತರ ಹಾಕಿ, ಡಿಲೀಟ್ ಮಾಡಿ, ಎರಡೇ ನಿಮಿಷದಲ್ಲಿ ಇನ್ನೊಂದು ಹಾಕಿದ್ದರು. ಯಾಕೆ? ಕಳ್ಳತನ ಕಾಣಬಾರದೆಂದು ಬೇಕಂತಲೇ ತಪ್ಪು ಹಾಕುವುದು! ಎಂಥ ಚಾಲಾಕಿ! ಹದಿನೇಳು ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ‘ನಿಯಮ ಮುರಿದ ಕಾರಣ ಶ್ರೀಮತಿ ಗಿರಿಜಮ್ಮನವರನ್ನು...’ ಎಂಬ ಮೆಸೇಜೂ ಟೈಪ್ ಆಯಿತು. ಕಳಿಸುವುದೊಂದೇ ಬಾಕಿ.

ಆದರೂ ಕಣ್ಣಾರೆ ನೋಡದೆ ಒಬ್ಬರ ಮುಖಕ್ಕೆ ನೂರು ಜನರೆದುರು ಮಸಿ ಬಳಿಯಬಾರದಲ್ಲ? (ಒಳ್ಳೆಯತನವಲ್ಲ. ರೆಡ್‌ಹ್ಯಾಂಡಾಗಿ ಹಿಡಿಯುವ ಚಪಲ.) ಚಂದ್ರಣ್ಣನಿಗಷ್ಟೇ ಹೇಳಿ, ಗುರುವಾರ ನಸುಕಿನಲ್ಲೇ ಬಸ್ ಹತ್ತಿದೆ. ಈ ಅಂಕಣದ ಮೇಲಿರುವ ನನ್ನ ಫೋಟೊ ಹದಿನೈದು ವರ್ಷ ಹಳೆಯದು, ಆದ್ದರಿಂದ ಗುರುತು ಸಿಗುವ ಭಯವಿರಲಿಲ್ಲ.

ಬೂತ್ ಸುಲಭವಾಗಿ ಸಿಕ್ಕಿತು. ಎದುರಿನ ಬಾಗಿಲು ಹಾಕಿದ ಅಂಗಡಿಯ ಜಗಲಿಯ ಮೇಲೆ ನಿಂತೆ. ಆರೂವರೆಗೆ ಸರಿಯಾಗಿ ಪಜಲ್ ಕಳಿಸಿ ಕಣ್ಣು ನೆಟ್ಟೆ.

ಬೂತಿನೊಳಗೆ ಟಿಣ್ ಎಂದಿತು. ಐವತ್ತು ದಾಟಿದ, ಸ್ವೆಟರ್ ತೊಟ್ಟ ಹೆಂಗಸು ಕೈ ಒರೆಸಿಕೊಂಡು ಮೊಬೈಲ್ ಎತ್ತಿಕೊಂಡರು. ಸಿಕ್ಕಿದರು ಎಂದುಕೊಂಡೆ. ಅವರು ಯಾವ ಆಪನ್ನೂ ಒತ್ತಲಿಲ್ಲ. ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ಒಂದು ಚೆಸ್ ಬೋರ್ಡ್ ಇತ್ತು. ಮೊಬೈಲ್ ನೋಡಿಕೊಂಡು ಅದರ ಮೇಲೆ ಕಾಯಿ ಜೋಡಿಸತೊಡಗಿದರು. ಒಂದು ಆನೆ ಕಳೆದುಹೋಗಿತ್ತೆಂದು ಕಾಣುತ್ತದೆ, ಅದರ ಜಾಗದಲ್ಲಿ ಟಾರ್ಚಿನ ಸೆಲ್ ನಿಂತಿತು.

ಹಾಲಿಗೆ ಬಂದವರು ಪ್ಯಾಕೆಟ್ ಹಿಡಿದುಕೊಂಡೇ ಬಗ್ಗಿದರು. ಒಬ್ಬರು ‘ಕುದುರೆ ಚೆಕ್ ಕೊಡಿ’ ಎಂದರು. ಇನ್ನೊಬ್ಬರು ‘ಕೊಟ್ರೆ ರಾಜ ಮೂಲೆಗೆ ಹೋಗ್ತಾನೆ’ ಎಂದರು. ನನಗೆ ತಡೆಯಲಾಗಲಿಲ್ಲ. ರಸ್ತೆ ದಾಟಿದೆ.

‘ಹಾಲಾ ಸಾರ್? ಎರಡೇ ನಿಮಿಷ ಇರಿ’ ಎಂದರು ಗಿರಿಜಮ್ಮ. ‘ಪಜಲ್ ಬಂದಿದೆ.’

‘ಇಷ್ಟು ಜನ ಸೇರಿ ಬಿಡಿಸ್ತೀರಾ?’

‘ಹೂಂ ಮತ್ತೆ. ಅಡ್ಮಿನ್ನು ಆಪ್ ನೋಡಬೇಡಿ ಅಂದಿದಾರೆ, ಹಾಲಿಗೆ ಬಂದೋರನ್ನ ಕೇಳಬೇಡಿ ಅಂದಿಲ್ಲ. ಸೆಲ್ವಣ್ಣ ತಡವಾಗಿ ಬಂದ ದಿನ ಮಾತ್ರ ಕಷ್ಟ. ನಾವು ಕಳಿಸಿದ ಮೇಲೆ ಬಂದು ತಪ್ಪು ಅಂತಾರೆ. ಡಿಲೀಟ್ ಮಾಡಬೇಕು.’

ನನ್ನ ಹದಿನೇಳು ಸ್ಕ್ರೀನ್‌ಶಾಟ್ ಅಲ್ಲೇ ಸತ್ತವು.

ಸೆಲ್ವಣ್ಣ ಎಂದರೆ ಕಾರ್ಖಾನೆಯಲ್ಲಿ ಫಿಟರ್ ಆಗಿ ನಿವೃತ್ತರಾದ ಸೆಲ್ವರಾಜ್, ಮಫ್ಲರ್ ಸುತ್ತಿಕೊಂಡು ಅಲ್ಲೇ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿಮ್ಗೆ ಬರುತ್ತಾ ಸಾರ್, ಚೆಸ್?’ ಎಂದರು.

‘ಸ್ವಲ್ಪ’ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಅಷ್ಟೂ ಜನ ಕುದುರೆಯಲ್ಲೇ ಸಿಕ್ಕಿಬಿದ್ದಿದ್ದರು. ಉತ್ತರ ಗೊತ್ತಿರುವವನಿಗೆ ಬಾಯಿ ಸುಮ್ಮನಿರುತ್ತದೆಯೇ? ‘ಒಂಟೆ ಎಚ್ ಒಂದು’ ಎಂದೆ, ಗತ್ತಿನಿಂದ.

ಎಲ್ಲರೂ ಬೋರ್ಡ್ ನೋಡಿದರು. ಚೆಕ್ ಇಲ್ಲ, ಹೊಡೆತ ಇಲ್ಲ, ಒಂಟೆ ಸುಮ್ಮನೆ ಒಂದು ಮನೆ ಹಿಂದೆ ಸರಿದು ಮೂಲೆ ಸೇರುತ್ತದೆ.

‘ಯಾಕೆ ಸಾರ್?’ ಎಂದರು ಸೆಲ್ವರಾಜ್.

ಯಾಕೆ?

ಓದುಗರೇ, ಇಲ್ಲಿ ನಿಮಗೊಂದು ಸತ್ಯ ಹೇಳಬೇಕು. ಮೊದಮೊದಲು ಪಜಲ್‌ಗಳನ್ನು ನಾನೇ ಬಿಡಿಸುತ್ತಿದ್ದೆ. ಆಮೇಲೆ ಬಿಡಿಸಿ, ಸರಿಯೋ ಎಂದು ಆಪಿನಲ್ಲಿ ನೋಡುತ್ತಿದ್ದೆ. ಆಮೇಲಾಮೇಲೆ ಬಿಡಿಸುವುದು ಬಿಟ್ಟುಹೋಯಿತು, ನೋಡುವುದು ಉಳಿಯಿತು. ಆಪ್ ‘ಒಂಟೆ ಎಚ್ ಒಂದು’ ಎಂದಿತ್ತು, ನಾನು ಬರೆದುಕೊಂಡಿದ್ದೆ. ಯಾಕೆ ಎಂದು ನಾನು ಕೇಳಿರಲಿಲ್ಲ.

‘ಅದು... ಮುಂದೆ ಗೊತ್ತಾಗುತ್ತೆ’ ಎಂದೆ.

‘ಮುಂದೆ ಏನ್ ಸಾರ್? ಎರಡನೇ ನಡೆ ಹೇಳಿ.’

ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಬೋರ್ಡಿನ ಮೇಲೆ ಏನೂ ಕಾಣಲಿಲ್ಲ. ಟಾರ್ಚಿನ ಸೆಲ್ ಮಾತ್ರ ಕಂಡಿತು.

ಸೆಲ್ವರಾಜ್ ನಿಧಾನಕ್ಕೆ ನಕ್ಕರು. ‘ಫಸ್ಟ್ ನಡೆ ಗೊತ್ತು, ಸೆಕೆಂಡ್ ಗೊತ್ತಿಲ್ಲ. ಮೊಬೈಲಲ್ಲಿ ನೋಡಿದ್ರಾ ಸಾರ್?’

ನನ್ನ ಕೈ ತಾನಾಗಿ ಮೊಬೈಲ್ ಇದ್ದ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅಷ್ಟರಲ್ಲಿ ಗಿರಿಜಮ್ಮ ಬೋರ್ಡಿನಿಂದ ಕಣ್ಣೆತ್ತಿದರು. ‘ಅಯ್ಯೋ, ಸರಿ ಇದೆ ಸೆಲ್ವಣ್ಣ! ಒಂಟೆ ಹಿಂದೆ ಸರಿದ್ರೆ ಮಂತ್ರಿ ಬಂದು ಅದರ ಮುಂದೆ ನಿಲ್ಲಬಹುದು. ಹಿಂದೆ ಒಂಟೆ, ಮುಂದೆ ಮಂತ್ರಿ, ಒಂದೇ ಓರೆಗೆರೆ. ರಾಜ ಎಲ್ಲಿಗೆ ಹೋಗ್ತಾನೆ?’

ನನ್ನ ಪಜಲ್ ನನಗೆ ಅರ್ಥವಾದದ್ದು ಆಗ. ನಾಚಿಕೆಯಾಯಿತು. ಆ ಹೆಂಗಸಿನ ಮುಖದ ಖುಷಿ ನೋಡಿ ಹೊಟ್ಟೆಕಿಚ್ಚೂ ಆಯಿತು. ಆ ಖುಷಿ ನನ್ನ ಮುಖದ ಮೇಲೆ ಕೊನೆಗೆ ಬಂದದ್ದು ಯಾವಾಗ?

ಅವರು ಉತ್ತರ ಟೈಪ್ ಮಾಡಲು ಮೊಬೈಲ್ ಎತ್ತಿಕೊಂಡು ಹಾಗೆಯೇ ಕೆಳಗಿಟ್ಟರು. ‘ಬೇಡ. ಇವತ್ತು ಬಿಟ್ಟುಬಿಡೋಣ. ಈ ಸಾರ್ ಎಲ್ಲಿ ನೋಡಿದ್ರೋ ಏನೋ. ಆಮೇಲೆ ಆಪಿಂದು ಅಂತಾದ್ರೆ? ನಮ್ಮ ಅಡ್ಮಿನ್ ಬಹಳ ಸ್ಟ್ರಿಕ್ಟು.’

ಅರ್ಧ ಲೀಟರ್ ಹಾಲು ತಗೊಂಡು ಹೊರಟೆ. ಗ್ರೂಪಿನಲ್ಲಿ ಅಂದು ಎಲ್ಲರಿಗಿಂತ ಮೊದಲು ಬಂದ ಸರಿಯುತ್ತರ ಚಂದ್ರಣ್ಣನದು. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅವನದೇ ಫೋನ್. ‘ಏನಾಯ್ತು ಮಾರಾಯ? ಸಿಕ್ಕಿಬಿದ್ರಾ?’

‘ಒಬ್ರು ಸಿಕ್ಕಿಬಿದ್ರು’ ಎಂದೆ. (ಚಂದ್ರಣ್ಣನ ಆ ಉತ್ತರಕ್ಕೆ ಅವನನ್ನೂ ಒಮ್ಮೆ ‘ಯಾಕೆ?’ ಎಂದು ಕೇಳಬೇಕಿತ್ತು. ಕೇಳುವ ಮುಖ ನನಗಿರಲಿಲ್ಲ.)

ಗಿರಿಜಮ್ಮನ ಹೆಸರಿನ ಮೆಸೇಜ್ ಡಿಲೀಟ್ ಮಾಡಿದೆ. ಅಂದಹಾಗೆ, ನಾನು ಹೊರಡುವಾಗ ಆ ತಾಯಿ ಕೂಗಿ ಹೇಳಿದ್ದರು: ‘ಬೇಜಾರ್ ಮಾಡ್ಕೋಬೇಡಿ ಸಾರ್, ದಿನಾ ಸ್ವಂತ ಬಿಡಿಸಿದ್ರೆ ಬರುತ್ತೆ. ನಿಮ್ಮ ನಂಬರ್ ಕೊಡಿ, ಗ್ರೂಪಿಗೆ ಸೇರಿಸ್ಕೊಳ್ಳಿ ಅಂತ ಅಡ್ಮಿನ್‌ಗೆ ಹೇಳ್ತೀನಿ.’

ಯಾವ ನಂಬರ್ ಕೊಡಲಿ, ನೀವೇ ಹೇಳಿ?